ಪಾಳಿಗೆ ಮೂವತ್ತು

ಏ ಪಾನ್ ಡಬ್ಬಿ ಮುಂದ ನಿಂತೋರ, ಏ ಚಹಾದಂಗಡಿ ಕಟ್ಟಿ ಮ್ಯಾಲಿನೋರ, ಗಾಡಿ ಬಂದ್ ಮಾಡಿ ಸ್ವಲ್ಪ ಈ ಕಡೆ ಬರ್ರಿ. ಮಸ್ಕಿ ವಿಜಯಶ್ರೀ ಕಡಿಂದ ವಾಪಸ್ ಹೋಗಬೇಕಾಗಿದ್ದ ಆಟದ ಡಬ್ಬಿ ಕಥಿ ಕೇಳ್ರಿ.

ಮಸ್ಕಿ ಬಸ್‌ಸ್ಟ್ಯಾಂಡ್ ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಅಮರಗುಂಡಪ್ಪನವರ ಗೊಬ್ಬರದ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ಅವರ ಮಗಳು ವಿಜಯಶ್ರೀ ಹನ್ನೆರಡು ವರ್ಷಗಳಿಂದ ವಿಡಿಯೋ ಗೇಮ್ ಅಂಗಡಿ ನಡೆಸುತ್ತಾಳೆ. ಕಾಲೇಜು ಓದುವಾಗ ಸಿಂಧನೂರಿನಲ್ಲಿ ಯಾರೋ ಆಡಿ ಬಿಟ್ಟ, ಟಿವಿಗೆ ಜೋಡಿಸಿ ಆಡುವ ಗೇಮ್ ಡಬ್ಬಿಯನ್ನು ಮೂರು ಸಾವಿರಕ್ಕೆ ತಂದಿದ್ದಳು. ಅಗ್ಗಕ್ಕೆ ತಂದದ್ದನ್ನು ಅಗ್ಗಕ್ಕೇ ಆಡಿಸಿದಳು: ಪಾಳಿಗೆ ಹತ್ತು ರೂಪಾಯಿ. ಗೋಡೆಗೆ ಒಂದು ಹಲಗೆ ನೇತುಬಿದ್ದಿದೆ, ಬಂದವರು ಸುಣ್ಣದ ಕಡ್ಡಿಯಿಂದ ಹೆಸರು ಬರೆಯಬೇಕು. ಗೆದ್ದವರು ಕೂತೇ ಇರಬಹುದು; ಸೋತವರು ಏಳಬೇಕು, ಹಲಗೆಯ ಮೇಲಿನ ಮುಂದಿನ ಹೆಸರಿನವರು ಕೂರಬೇಕು. ಈ ನಡುವೆ ಹೊಸ ಹೊಸ ಡಬ್ಬಿ ತಂದು ತಾಸಿನ ಲೆಕ್ಕದಲ್ಲಿ ಆಡಿಸಿದ ಅಂಗಡಿಗಳು ಸುತ್ತಲಿನ ಊರುಗಳಲ್ಲಿ ಎಷ್ಟೋ ತೆರೆದವು, ಮುಚ್ಚಿದವು. ವಿಜಯಶ್ರೀಯ ಹಳೆಯ ಡಬ್ಬಿ ಮಾತ್ರ ನಿಲ್ಲಲಿಲ್ಲ. ರಿಮೋಟಿನ ಗುಂಡಿ ಸವೆದಾಗ ಕೆಟ್ಟ ಟಿವಿ ರಿಮೋಟಿನ ರಬ್ಬರ್ ಕತ್ತರಿಸಿ ಒಳಗೆ ಕೂರಿಸುತ್ತಿದ್ದಳು.

ಹೋದ ತಿಂಗಳು ಲಿಂಗಸುಗೂರಿನ ಅಸದ್ ಒಂದು ಹೊಸ ಡಬ್ಬಿ ಹೊತ್ತು ತಂದ. ಐವತ್ತು ಸಾವಿರ ಕೊಟ್ಟು ಕೊಂಡು, ಅಂಗಡಿ ಇಟ್ಟು, ವರ್ಷದೊಳಗೆ ಬಾಗಿಲು ಹಾಕಿದವನು.

"ಒಂದು ತಿಂಗಳು ಇಟ್ಟು ನೋಡ್ರಿ ಅಕ್ಕಾ. ನಡೀತಂದ್ರ ಇಪ್ಪತ್ತೈದು ಸಾವಿರ ಕೊಡ್ರಿ. ಇಲ್ಲಂದ್ರ ನಾನ ಬಂದು ಒಯ್ತೀನಿ. ಸಿಂಧನೂರಾಗ ಒಬ್ಬಾತ ಕೇಳ್ಯಾನ."

ಪರದೆಯ ಮೇಲೆ ಆಟಗಾರನ ಬೆವರ ಹನಿ ಕೂಡ ಕಾಣುತ್ತಿತ್ತು. ಅದನ್ನು ನೋಡಿದ ಗಳಿಗೆಯಿಂದ ವಿಜಯಶ್ರೀಗೆ ಆ ಡಬ್ಬಿ ತನ್ನದಾಗಬೇಕೆನಿಸಿತು. ಆದರೆ ಅಷ್ಟು ದುಬಾರಿ ಸಾಮಾನಿಗೆ ಪಾಳಿ ಏನು ಶೋಭೆ ಎಂದು ತಾಸಿಗೆ ನೂರು ರೂಪಾಯಿ ಇಟ್ಟಳು. ಹುಡುಗರು ಬಂದರು, ಅದರ ಪಕ್ಕ ನಿಂತು ಫೋಟೋ ಹೊಡೆಸಿಕೊಂಡರು, ಹೋಗಿ ಹಳೆಯದರ ಮುಂದೆ ಕೂತರು.

"ಮದುವಿಗೆ ತಂದ ಬೆಳ್ಳಿ ತಟ್ಟಿ ಆಗೈತಿ ನಿಂದು," ಎಂದರು ಅಮರಗುಂಡಪ್ಪ. "ಎಲ್ಲಾರೂ ನೋಡ್ತಾರ, ಉಣ್ಣೋರು ಯಾರೂ ಇಲ್ಲ."

"ನೀ ಗೊಬ್ಬರ ಮಾರಪ್ಪಾ, ಸಾಕು."

ತಿಂಗಳು ಮುಗಿಯುವ ದಿನ ಬಂತು. ಸಂಜೆ ಅಸದ್ ಬರುವವನಿದ್ದ. ಡಬ್ಬಿಯ ಜೊತೆ ಮರಳಿಸಬೇಕಿದ್ದ ರಿಮೋಟಿನ ಚಾರ್ಜ್ ವೈರು ಕಳೆದುಹೋಗಿದ್ದರಿಂದ ಇನ್ನೊಂದು ಕೊಳ್ಳಲು ಬೆಳಿಗ್ಗೆ ಸಿಂಧನೂರು ಬಸ್ಸು ಹತ್ತಿದ ವಿಜಯಶ್ರೀಗೆ ಮನಸ್ಸು ತಡೆಯಲಿಲ್ಲ. ಕೊನೆಯದಾಗಿ ದರ ಇಳಿಸಿ ನೋಡೋಣವೆಂದು ಬೋರ್ಡ್ ಬರೆಯುವ ಕರಿಬಸಯ್ಯನವರಿಗೆ ಫೋನ್ ಮಾಡಿದಳು. ಅವರು ಸಂತೆಕಲ್ಲೂರಿನಿಂದ ತುಂಬಿದ ಆಟೋದ ಗದ್ದಲದಲ್ಲಿ ಬರುತ್ತಿದ್ದರು.

"ಅಯ್ಯನೋರ, ಪ್ಲೇಯರಿಗೆ ಮೂವತ್ತು, ಅರ್ಧ ತಾಸು. ಹಂಗ ಬರೀರಿ."

"ಆತು ತಂಗಿ, ಬರೀತೀನಿ."

ಮಧ್ಯಾಹ್ನ ಮರಳಿದಾಗ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ, ಅಷ್ಟು ಚಪ್ಪಲಿ. ಬಾಗಿಲ ಮೇಲೆ ಕೆಂಪು ಬಣ್ಣ ಇನ್ನೂ ಹಸಿಯಾಗಿತ್ತು: 'ಹೊಸಾ ಆಟ, ಪಾಳಿಗೆ ಮೂವತ್ತು'. ಅವಳು ಅಲ್ಲೇ ನಿಂತು ಲೆಕ್ಕ ಹಾಕಿದಳು. ಗೆದ್ದವನು ಮೂವತ್ತು ರೂಪಾಯಿಗೆ ದಿನವಿಡೀ ಕೂತರೆ ಗತಿ ಏನು?

ಮತ್ತೆ ಫೋನ್. "ಅಯ್ಯನೋರ, ಏನ್ ಬರದೀರಿ ಇದು?"

"ನೀನ ಪಾಳಿಗೆ ಅಂದೆಲ್ಲವಾ."

"ಪ್ಲೇಯರಿಗೆ ಅಂದೆ. ಅರ್ಧ ತಾಸು ಎಲ್ಲಿ ಹೋತು?"

"ಪಾಳಿ ಅಂದ್ರ ಸೋತವರು ಏಳೂದು. ಅದಕ್ಕ ತಾಸು ಯಾಕಂತ ನಾನ ಬಿಟ್ಟೆ. ಅಕ್ಷರ ಉಳಸೀನಿ, ಉಪಕಾರ ನೆನಸು."

ಒಳಗೆ ಅವಳ ಅಪ್ಪ ಸುಣ್ಣದ ಕಡ್ಡಿ ಹಿಡಿದು, ಪಂಚಾಯ್ತಿ ಮಾಡುವವರ ಗತ್ತಿನಲ್ಲಿ ಹೆಸರು ಕೂಗುತ್ತಿದ್ದರು. ಹೊಸ ಡಬ್ಬಿಯ ಮುಂದೆ ಕೂತಿದ್ದವನು ಬ್ಯಾಂಕಿನ ಗುಮಾಸ್ತ ದುರುಗೇಶ. ತಿಂಗಳಿಡೀ ಊಟದ ಬಿಡುವಿನಲ್ಲಿ ಬಂದು ಬಾಗಿಲಲ್ಲೇ ನಿಂತು ಹೋಗುತ್ತಿದ್ದವನು.

"ಇವತ್ತು ಹೆಂಗ ಕುಂತ್ರಿ ಸಾಹೇಬ್ರ?"

"ತಾಸಿಗೆ ನೂರು ಅಂದ್ರ ಅಂಜಿಕಿ ಬರ್ತಿತ್ರೀ," ಎಂದ ದುರುಗೇಶ, ಕಣ್ಣು ಕೀಳದೆ. "ಆಟ ಬಿಟ್ಟು ಗಡಿಯಾರ ನೋಡೂದ ಆಕ್ಕಿತ್ತು. ಪಾಳಿ ಅಂದ್ರ ಸೋತೆ, ಎದ್ದೆ, ಅಷ್ಟ."

ಹೇಳುತ್ತಲೇ ಸೋತ. ಎದ್ದ. ಮತ್ತೆ ಹಲಗೆಯ ಕೊನೆಗೆ ಹೋಗಿ ಹೆಸರು ಬರೆದ.

ವಿಜಯಶ್ರೀ ಗೋಡೆಗೊರಗಿ ನೋಡುತ್ತ ನಿಂತಳು. ಗೆದ್ದವನು ಕೂತೇ ಇದ್ದ, ನಿಜ. ಆದರೆ ಅವನನ್ನು ಎಬ್ಬಿಸಲೆಂದೇ ಸಾಲು ಬೆಳೆಯುತ್ತಿತ್ತು. ಹತ್ತು ನಿಮಿಷಕ್ಕೊಬ್ಬ ಹೊಸಬ ಮೂವತ್ತು ರೂಪಾಯಿ ಹಿಡಿದು ಕೂರುತ್ತಿದ್ದ. ತಾಸಿನ ಮಾತು ಬಿಟ್ಟಿದ್ದಕ್ಕೇ ತಾಸಿಗೆ ನೂರಕ್ಕಿಂತ ಹೆಚ್ಚು ಬರುತ್ತಿತ್ತು. ಮೂಲೆಯಲ್ಲಿ ಹಳೆಯ ಡಬ್ಬಿಯೂ ಖಾಲಿ ಇರಲಿಲ್ಲ. ಹೊಸದರ ಪಾಳಿ ಬರುವ ತನಕ ಹತ್ತು ರೂಪಾಯಿಗೆ ಅಲ್ಲಿ ಕೈ ಬಿಸಿ ಮಾಡಿಕೊಳ್ಳುತ್ತಿದ್ದರು.

ಸಂಜೆ ಐದಕ್ಕೆ ಅಸದ್ ಖಾಲಿ ರಟ್ಟಿನ ಪೆಟ್ಟಿಗೆ ಹಿಡಿದು ಬಂದ. ಅದನ್ನು ತಲೆ ಮೇಲೆತ್ತಿಕೊಂಡು ಗದ್ದಲದಲ್ಲಿ ನುಗ್ಗಿದ.

"ಏ ಭಾಯಿ, ಹೆಸರು ಬರಸು ಮೊದಲ," ಎಂದರು ಅಮರಗುಂಡಪ್ಪ.

"ಡಬ್ಬಿ ನಂದ್ರೀ ಕಾಕಾ."

"ಯಾರದರ ಇರ್ಲಿ. ಹಲಗಿ ನಮ್ದು."

ಅಸದ್ ಪೆಟ್ಟಿಗೆ ಇಳಿಸಿ ವಿಜಯಶ್ರೀಯನ್ನು ನೋಡಿದ. "ಅಲ್ರೀ ಅಕ್ಕಾ, ನಮ್ಮಲ್ಲಿ ದಿನಕ್ಕ ಮೂರು ಮಂದಿ ಬರ್ತಿರ್ಲಿಲ್ಲ."

"ಡಬ್ಬಿ ನೋಡಿ ರೇಟ್ ಹಾಕಿದ್ವಿ ನಾವಿಬ್ಬರೂ. ಕುಂಡ್ರೋರ ಮಾರಿ ನೋಡಿ ಹಾಕಬೇಕಿತ್ತು. ಇದು ಇನ್ನ ಇಲ್ಲೇ ಇರ್ತೈತಿ ಭಾಯಿ."

ಅಲ್ಲೇ ನಿಂತು ಇಪ್ಪತ್ತೈದು ಸಾವಿರ ಫೋನಿನಲ್ಲಿ ಕಳಿಸಿದಳು. ಅಸದ್‌ನ ಮುಖ ಅರಳಿತು, ಆದರೆ ಕಣ್ಣು ಪರದೆಯ ಮೇಲೇ ಇತ್ತು.

"ಒಂದು ಪಾಳಿ ಆಡಿ ಹೋಗ್ಲೇನ್ರಿ? ಲಿಂಗಸುಗೂರು ಬಸ್ಸಿಗೆ ಇನ್ನೂ ಹೊತ್ತೈತಿ."

ಅವನ ಹೆಸರನ್ನೂ ಅದರ ಕೆಳಗೆ ಮಗಳ ಹೆಸರನ್ನೂ ಅಪ್ಪನೇ ಹಲಗೆಯ ಕೊನೆಗೆ ಬರೆದರು. ಪಾಳಿ ಬರುವಷ್ಟರಲ್ಲಿ ಬೀದಿದೀಪ ಹತ್ತಿತ್ತು. ಅಸದ್ ಮೊದಲು ಕೂತು, ಗೆದ್ದು ಕೂತಿದ್ದವನನ್ನು ಎಬ್ಬಿಸಿದ. ವಿಜಯಶ್ರೀ ತನ್ನ ಮೂವತ್ತು ರೂಪಾಯಿಯನ್ನೂ ಗಲ್ಲಾಪೆಟ್ಟಿಗೆಗೆ ಹಾಕಿ ಎದುರು ಕೂತಳು. ಐದೇ ನಿಮಿಷದಲ್ಲಿ ಅಸದ್ ಅವಳ ಬೆವರಿಳಿಸಿದ.

"ಎಲ್ಲಿ ಕಲ್ತೀರಿ ಇಷ್ಟು?"

"ವರ್ಷಪೂರ್ತಿ ಅಂಗಡ್ಯಾಗ ನಾನೊಬ್ಬನ ಇದ್ದೆನಲ್ರೀ. ಮತ್ತೇನ್ ಮಾಡ್ಲಿ, ಆಡಿದೆ."

ಕೋಣೆಯೆಲ್ಲ ನಕ್ಕಿತು. "ಅಂಗಡಿ ನಿಂದಾದ್ರೇನು," ಎಂದರು ಅಪ್ಪ, "ಪಾಳಿ ಪಾಳೀನ."

ವಿಜಯಶ್ರೀ ಹಲಗೆಯ ಮೇಲಿನ ತನ್ನ ಹೆಸರನ್ನು ಅಂಗೈಯಿಂದ ಒರೆಸಿ, ರಿಮೋಟನ್ನು, ಬ್ಯಾಂಕು ಮುಗಿಸಿ ಮತ್ತೆ ಬಂದು ಮುಂದಿನ ಪಾಳಿಗೆ ಕಾಯುತ್ತಿದ್ದ ದುರುಗೇಶನ ಕೈಗಿಟ್ಟು, ಎದ್ದಳು.