ಗಂಡಿನವರ ಮುಂದೆ ರವೆಉಂಡೆ

ಇವತ್ತು ಆಸ್ಪತ್ರೆಯಲ್ಲಿ ಸ್ಪಿರಿಟ್ಟಿನ ವಾಸನೆ ಬಂದದ್ದೇ ತಡ, ದೊಡ್ಡಬಳ್ಳಾಪುರದ ನಮ್ಮ ಹಳೇ ಮನೆ ನೆನಪಾಯಿತು. ಅಲ್ಲಿ ನನ್ನ ಸೋದರತ್ತೆ ದಿನಾ ಊಟಕ್ಕೆ ಮುಂಚೆ ಗಾಜಿನ ಸಿರಿಂಜು ಕುದಿಸಿ, ತಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಆಮೇಲೆ ಊಟ ತಡವಾಗುವಂತಿರಲಿಲ್ಲ.

ಅವಳನ್ನು ನೋಡಲು ತೂಬಗೆರೆಯ ಗಂಡಿನವರು ಬರಬೇಕಿದ್ದ ದಿನ, ಅತ್ತೆ ಚುಚ್ಚಿಕೊಂಡಾಗಿತ್ತು, ಅವರು ಮಾತ್ರ ಬಂದಿರಲಿಲ್ಲ. ಅವರು ಬರುವ ತನಕ ಅಜ್ಜಿ ಯಾರಿಗೂ ಬಡಿಸಲಿಲ್ಲ. ಕೊನೆಗೆ ಅವರು ಬಂದು ಕೂತಾಗ ತಟ್ಟೆ ಹಿಡಿದು ಹೊರಬಂದ ಅತ್ತೆಯ ಕೈ ನಡುಗಿತು, ಮೈಯೆಲ್ಲ ಬೆವರಿತು. ಅಲ್ಲೇ ಕೂತು, ಬಂದವರಿಗೆಂದು ತಂದ ರವೆಉಂಡೆಯನ್ನು ತಾನೇ ಬಾಯಿಗೆ ಹಾಕಿಕೊಂಡಳು. ಅಜ್ಜಿಯ ಮುಖ ಬಿಳಿಚಿಕೊಂಡಿತು.

"ನಂಗೆ ಸಕ್ಕರೆ ಕಾಯಿಲೆ. ಸೂಜಿ ಚುಚ್ಕೊಂಡ್ಮೇಲೆ ಹಸ್ಕೊಂಡಿದ್ರೆ ಹಿಂಗಾಗುತ್ತೆ," ಎಂದಳು ಅತ್ತೆ.

ಗಂಡು ಇನ್ನೊಂದು ಉಂಡೆಯನ್ನು ಅವಳ ಕಡೆ ಸರಿಸಿದರು. "ತಡ ಮಾಡಿದ್ದು ನಾವು. ಮೊದ್ಲು ತಿನ್ನಿ. ಆಮೇಲೆ ಸೂಜಿ ಹೆಂಗೆ ಚುಚ್ಚೋದು ಅಂತ ನಂಗೂ ಹೇಳ್ಕೊಡಿ."

ಅವರೇ ನಮ್ಮ ಮಾವ ಆದರು.

"ಯಾಕ್ ತಾತ, ಇಂಜೆಕ್ಷನ್ ಕೊಟ್ರೆ ನಗ್ತೀರಾ?" ಎಂದಳು ನರ್ಸ್.