ಕುರಿ ಎಣಿಸದ ಊರಿಗೆ ನಾವು ಕಟ್ಟಿದ ತಂತ್ರಾಂಶ

"ಕುರಿ ಸಾಕುವವರು ಲೆಕ್ಕ ಸುಳ್ಳು ಹೇಳಿದರು, ಅದಕ್ಕೇ ಲಸಿಕೆ ಸಾಲದೆ ಹೋಯಿತು; ತಂತ್ರಾಂಶದ ತಪ್ಪೇನೂ ಇರಲಿಲ್ಲ." ಕುದೂರಿನ ಹೋಟೆಲುಗಳಲ್ಲಿ ಇಂದಿಗೂ ಈ ಮಾತು ಕೇಳಿಬರುತ್ತದೆ. ಹೇಳುವವರಲ್ಲಿ ಯಾರೂ ಆ ತಂತ್ರಾಂಶವನ್ನು ಕಟ್ಟಿದವರಲ್ಲ. ಕಟ್ಟಿದವರು ಇಬ್ಬರು: ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಮನೆತನದ ಒಬ್ಬ ಹುಡುಗಿ ಮತ್ತು ನಾನು. ಆಕೆ ಎಂಜಿನಿಯರಿಂಗ್ ಓದಿದವಳು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು, ಅರವತ್ತು ದಾಟಿದ ಮೇಲೆ ಪುಸ್ತಕ ನೋಡಿಕೊಂಡು ಕಂಪ್ಯೂಟರ್ ಕಲಿತವನು. ನಮ್ಮ ಕುರಿ ಸಾಕಾಣಿಕೆದಾರರ ಸಂಘದ ಕಾರ್ಯದರ್ಶಿಯಾಗಿ, ತಂತ್ರಾಂಶ ಏನೇನು ಕೇಳಬೇಕೆಂದು ಬರೆದುಕೊಟ್ಟವನು ನಾನೇ.

ಸಂಘದ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕುರಿಗಳ ಸಂಖ್ಯೆಯನ್ನು ಮೊಬೈಲಿನಲ್ಲಿ ತುಂಬಬೇಕು. ತಂತ್ರಾಂಶ ಅದನ್ನು ಕೂಡಿ ಕರುಳುಬೇನೆಯ ಲಸಿಕೆಗೆ ಬೇಡಿಕೆ ಪಟ್ಟಿ ಸಿದ್ಧಪಡಿಸಬೇಕು. ಮಳೆಗೆ ಚಿಗುರಿದ ಹುಲ್ಲು ಮೇಯುವ ಮುನ್ನವೇ ಆ ಲಸಿಕೆ ಬೀಳದಿದ್ದರೆ, ಸಂಜೆ ನೆಟ್ಟಗಿದ್ದ ಕುರಿ ಬೆಳಗ್ಗೆ ಸತ್ತು ಬಿದ್ದಿರುತ್ತದೆ. ಮೊದಲ ಪಟ್ಟಿಯಂತೆ ಗುಡ್ಡದ ಬದಿಯ ಒಂದು ಹಳ್ಳಿಗೆ ಬಂದದ್ದು ಒಂದೇ ಸೀಸೆ, ಒಂದು ಮಂದೆಗೂ ಸಾಲದಷ್ಟು. ಆಗಲೇ ಮೋಡ ಕಟ್ಟುತ್ತಿತ್ತು. ನಾನೇ ಹೋಗಿ, ಕುರಿರೊಪ್ಪದ ಬಾಗಿಲಲ್ಲಿ ಕುಳಿತಿದ್ದ ಮುದುಕಿಯನ್ನು ಕೇಳಿದೆ.

"ಕುರಿ ಎಷ್ಟವೆ ಅಕ್ಕಾ?"

"ಎಣಿಸ್ಬಾರ್ದು ಕಣಣ್ಣ. ಎಣಿಸಿದ್ರೆ ಕಣ್ಣು ಬೀಳ್ತೈತೆ."

"ಹಂಗಾದ್ರೆ ಒಂದು ತಪ್ಪಿಸ್ಕೊಂಡ್ರೆ ಹೆಂಗ್ ಗೊತ್ತಾಯ್ತದೆ?"

"ನಿನ್ ಮಕ್ಳು ಮನೇಗ್ ಬಂದವ್ರಾ ಅಂತ ಎಣಿಸಿ ನೋಡ್ತೀಯಾ? ಮೊಕ ನೋಡಿದ್ರೆ ಗೊತ್ತಾಗಲ್ವಾ?"

ರಾಗಿ ಬೆಳೆಯುವ ಮನೆಯಲ್ಲಿ ಹುಟ್ಟಿ, ಲೆಕ್ಕಪತ್ರ ಬರೆಯಲೆಂದು ಸಂಘಕ್ಕೆ ಬಂದ ನನಗೆ ಈ ನಡವಳಿಕೆ ತಿಳಿದಿರಲಿಲ್ಲ. ಕೇಳಿ ತಿಳಿಯಬೇಕೆಂದೂ ತೋಚಿರಲಿಲ್ಲ. ಹಾಗಿದ್ದರೆ ಪಟ್ಟಿಯಲ್ಲಿದ್ದ ಅಂಕಿಗಳನ್ನು ಕೊಟ್ಟವರು ಯಾರು? ಆ ಊರಿಗೆ ಹೋಗಿದ್ದ ಕಾರ್ಯಕರ್ತೆಯನ್ನು ವಿಚಾರಿಸಿದೆ.

"ಅವ್ರು ಹೇಳ್ನಿಲ್ಲ ಸಾ. ಖಾಲಿ ಬುಟ್ರೆ ನಿಮ್ ಆ್ಯಪು ಮುಂದುಕ್ಕೇ ಹೋಗ್ತಿರ್ಲಿಲ್ಲ, ಸೊನ್ನೆ ಹಾಕಿದ್ರೂ ಒಪ್ತಿರ್ಲಿಲ್ಲ. ಎಲ್ರ್‌ಗೂ ಒಂದು ಅಂತ ಒತ್ಬುಟ್ಟೆ."

ಆ ಜಾಗ ಖಾಲಿ ಬಿಡಕೂಡದೆಂದು ಹಟ ಹಿಡಿದವನು ನಾನು. ಹುಡುಗಿಗೆ ಫೋನು ಮಾಡಿದಾಗ ಆಕೆ ನಕ್ಕಳು. "ಖಾಲಿ ಇದ್ರೆ ಇರ್ಲಿ ತಾತ ಅಂತ ಅವತ್ತೇ ಹೇಳಿದ್ನಲ್ಲ. 'ಪುಸ್ತಕದಲ್ಲಿ ಹಂಗಿಲ್ಲ' ಅಂದ್ರಿ. ಈಗ ಯಾವ ಪುಸ್ತಕ ನೋಡ್ತೀರಾ?" ಖಾಲಿ ಬಿಡಲು ಬಿಟ್ಟಿದ್ದರೆ, ಇಡೀ ಊರು ಉತ್ತರಿಸಿಲ್ಲವೆಂಬುದು ಅಂದೇ ಕಣ್ಣಿಗೆ ಬೀಳುತ್ತಿತ್ತು.

ಮರುದಿನ ಮತ್ತೆ ಹೋಗಿ, ಮುದುಕಿಯನ್ನು ಬೇರೆ ರೀತಿಯಲ್ಲಿ ಕೇಳಿದೆ: ಹೋದ ವರ್ಷ ನಿಮ್ಮ ರೊಪ್ಪಕ್ಕೆ ಮದ್ದು ಎಷ್ಟು ಹಿಡಿಯಿತು?

"ಒಂದ್ ಸೀಸೆ ಪೂರ್ತಿ, ಇನ್ನೊಂದ್ರಾಗೆ ಅರ್ಧ. ಈ ಸಲ ಮರಿ ಜಾಸ್ತಿ ಅವೆ, ಎಲ್ಡು ತಗೊಂಬಾ."

ಮದ್ದನ್ನು ಎಣಿಸಲು ಯಾರಿಗೂ ಅಂಜಿಕೆಯಿರಲಿಲ್ಲ. ಹುಡುಗಿ ಅಂದೇ ಪ್ರಶ್ನೆ ಬದಲಿಸಿದಳು: ಕುರಿ ಎಷ್ಟು ಎಂಬುದನ್ನು ಅಳಿಸಿ ಸೀಸೆ ಎಷ್ಟು ಎಂದು ಬರೆದಳು, ಉತ್ತರ ಬಾರದ ಮನೆಗಳು ಬೇರೆಯಾಗಿ ಕಾಣುವಂತೆಯೂ ಮಾಡಿದಳು. ಎರಡೇ ದಿನದಲ್ಲಿ ಹೊಸ ಪಟ್ಟಿ ಹೋಯಿತು. ಸೀಸೆಗಳು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬಂದಿಳಿದು, ಕೊನೆಯ ರೊಪ್ಪದಲ್ಲಿ ಸೂಜಿ ಚುಚ್ಚಿ ಮುಗಿಸಿದ ಮೇಲೆ ವಾರಗಟ್ಟಲೆ ಮಳೆ ಬರಲಿಲ್ಲ; ಮದ್ದು ಮೈಗೆ ಹತ್ತಲು ಕಾಲ ಸಿಕ್ಕಿತು. ಮಳೆ ತಡವಾಯಿತೆಂದು ನಾನು ಸಂತೋಷಪಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ. ಆ ವರ್ಷ ಆ ಊರಿನಲ್ಲಿ ಕರುಳುಬೇನೆಗೆ ಒಂದು ಕುರಿಯೂ ಸಾಯಲಿಲ್ಲ.

ಸುಳ್ಳು ಹೇಳಿದ್ದರೆಂದು ಇನ್ನೂ ನಂಬುವವರು ಸಂಘದ ಕಚೇರಿಗೆ ಬರಬಹುದು. ಮೊದಲ ಪಟ್ಟಿಯ ಪ್ರತಿಯನ್ನು ನಾನು ಹರಿದುಹಾಕಿಲ್ಲ. ಆ ಊರಿನ ಎಲ್ಲ ಮನೆಗಳ ಮುಂದೆಯೂ ಒಂದೇ ಅಂಕಿ ಇದೆ. ಪಟ್ಟಿಯಲ್ಲಿ ಮೇಲಿನಿಂದ ಮೂರನೆಯ ಮನೆಯವರು ಅದಕ್ಕೂ ಎಷ್ಟೋ ಮೊದಲೇ ಮಂದೆಯನ್ನೆಲ್ಲ ಮಾರಿ ಆಟೋ ಕೊಂಡದ್ದು ಊರಿಗೆಲ್ಲ ಗೊತ್ತು. ಅವರ ಹೆಸರಿನ ಮುಂದೆಯೂ ಒಂದು ಕುರಿ ಇದೆ.