ಪ್ರೇಮ್‌ಕುಮಾರ್ ಎಳೆದ ವೈರು

ಪ್ರೇಮ್‌ಕುಮಾರನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಂಜನಗೂಡಿನ ಟೆಂಪೋದವರಿಗೆಲ್ಲ ಗೊತ್ತು. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವನದೊಂದು ತಗಡಿನ ಶೆಡ್ಡು. ಬಂದವರು ಅರ್ಜೆಂಟು ಅಂದರೆ, "ಅರ್ಜೆಂಟಿದ್ರೆ ಬಸ್ ಅತ್ಕೊಂಡು ಓಗಿ" ಎನ್ನುತ್ತಾನೆ. ಆದರೂ ಜನ ಅಲ್ಲಿಗೇ ಬರುತ್ತಾರೆ. ಅವನು ಒಂದು ಸಲ ವೈರಿಂಗ್ ಮಾಡಿದನೆಂದರೆ ಆ ಗಾಡಿಯ ಬಾನೆಟ್ಟನ್ನು ಕರೆಂಟಿನ ತಕರಾರಿಗೆ ಮತ್ತೆ ಎತ್ತಬೇಕಾಗುವುದಿಲ್ಲ. ದೇವನೂರಿನ ಕೂಲಿಯವರ ಮಗ, ಹತ್ತನೇ ತರಗತಿಗೆ ಓದು ಬಿಟ್ಟು ಮೈಸೂರಿನ ಗ್ಯಾರೇಜೊಂದರಲ್ಲಿ ಬೈಸಿಕೊಂಡು ಕೆಲಸ ಕಲಿತವನು. ಇಷ್ಟು ವರ್ಷ ದುಡಿದು ಗಳಿಸಿದ್ದೆಂದರೆ ಆ ಒಂದು ಹೆಸರು.

ಆ ಹೆಸರಿಗೇ ಸಂಚಕಾರ ತಂದದ್ದು ತಾಂಡವಪುರದ ಒಂದು ಹಳೇ ಅಂಬಾಸಿಡರ್.

ಕಾರು ಗೊಬ್ಬರದಂಗಡಿ ರುದ್ರೇಶನದು, ಅಂದರೆ ಅವನ ತೀರಿಹೋದ ತಂದೆ ಶಿವಮಲ್ಲಪ್ಪನವರದು. ಯಜಮಾನರು ಹೋದಮೇಲೆ ಕೊಟ್ಟಿಗೆ ಸೇರಿದ ಕಾರಿನ ವೈರನ್ನೆಲ್ಲ ಇಲಿಗಳು ತಿಂದು ತೇಗಿದ್ದವು. ಕೀ ತಿರುಗಿಸಿದರೆ ಸೆಲ್ಫು ಅಲ್ಲಾಡುತ್ತಿರಲಿಲ್ಲ, ಪ್ಲಗ್ಗಿಗೆ ಕರೆಂಟೇ ಬರುತ್ತಿರಲಿಲ್ಲ. ಅಪ್ಪನ ಕಾರು ಓಡಬೇಕೆಂದು ರುದ್ರೇಶ ಆಸೆಪಟ್ಟ. ಪ್ರೇಮ್‌ಕುಮಾರ್ ಅವರ ಅಂಗಳದಲ್ಲೇ ಕೂತು ಹಳೇ ವೈರೆಲ್ಲ ಕಿತ್ತುಹಾಕಿ, ಕೀಯಿಂದ ಸೆಲ್ಫಿಗೆ, ಬ್ಯಾಟರಿಯಿಂದ ಕಾಯಿಲ್ಲಿಗೆ, ಕಾಯಿಲ್ಲಿಂದ ಡಿಸ್ಟ್ರಿಬ್ಯೂಟರಿಗೆ ಹೊಸದನ್ನು ಎಳೆದ. ರುದ್ರೇಶನ ತಾಯಿ ಗುರುಬಸಮ್ಮ ಜಗಲಿಯ ಮೇಲೆ ಕೂತು ಎಲ್ಲವನ್ನೂ ನೋಡಿದರು. ಮನೆಯವರಿಗೆ ಸ್ಟೀಲ್ ಲೋಟದಲ್ಲಿ ಟೀ ಬಂತು, ಅವನಿಗೆ ಪೇಪರ್ ಲೋಟದಲ್ಲಿ. ಅದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಈ ತಾಲ್ಲೂಕಿನಲ್ಲಿ ಅಂಗಡಿ ಇಟ್ಟ ಹಾಗೆಯೇ. ಟೀ ಕುಡಿದು ಕೀ ತಿರುಗಿಸಿದ. ಒಂದೇ ಏಟಿಗೆ ಇಂಜಿನ್ ಹತ್ತಿಕೊಂಡಿತು.

ಮಾರನೇ ಬೆಳಿಗ್ಗೆಯೇ ರುದ್ರೇಶನ ಫೋನು. "ಪ್ರೇಮ, ಸೆಲ್ಫು ತಿರುಗ್ತದೆ ಕಣೋ, ಇಂಜಿನ್ ಅತ್ಕತಿಲ್ಲ!"

ಪ್ರೇಮ್‌ಕುಮಾರ್ ಗೊಣಗುತ್ತ ಬೈಕು ಹತ್ತಿದ. ಅವನದೊಂದು ಪದ್ಧತಿಯಿದೆ. ಬಾನೆಟ್ ಎತ್ತಿದ ಕೂಡಲೇ ಮೊದಲ ಕೆಲಸ, ಪೆಟ್ರೋಲಿನಲ್ಲಿ ಅದ್ದಿದ ಹಳೇ ಲುಂಗಿಯ ತುಂಡಿನಿಂದ ಎಲ್ಲವನ್ನೂ ಒರೆಸುವುದು. ಗುರು ಕಲಿಸಿದ್ದು ಹಾಗೆ. ಕೈ ಒರೆಸುತ್ತಿದ್ದರೆ ಬಾಯಿ ಗಾಡಿಯವನನ್ನು ಬಯ್ಯುತ್ತಿರುತ್ತದೆ. ಅಂದೂ ಬಯ್ಯುತ್ತ ಒರೆಸಿದ, ಒಂದೊಂದು ವೈರನ್ನೂ ಎಳೆದು ನೋಡಿದ. ಎಲ್ಲ ಸರಿಯಾಗಿತ್ತು. ಕೀ ತಿರುಗಿಸಿದ. ಕಾರು ಬೆಣ್ಣೆಯಂತೆ ಸ್ಟಾರ್ಟ್ ಆಯಿತು.

"ನೀನು ಬಂದ್ರೆ ಮಾತ್ರ ಮಾತು ಕೇಳ್ತದೆ ನೋಡು," ಎಂದು ರುದ್ರೇಶ ನಕ್ಕ.

ಮತ್ತೆ ಮಾರನೇ ಬೆಳಿಗ್ಗೆ ಅದೇ ಫೋನು, ಅದೇ ಮಾತು. ಹೋಗಿ ಒರೆಸಿ ಕೀ ತಿರುಗಿಸಿದರೆ ಅದೇ ಬೆಣ್ಣೆ. ಪ್ರೇಮ್‌ಕುಮಾರ್ ಕಾಯಿಲ್ ಬದಲಿಸಿದ, ಡಿಸ್ಟ್ರಿಬ್ಯೂಟರಿನ ಮುಚ್ಚಳ ಬದಲಿಸಿದ, ಪ್ಲಗ್ಗುಗಳನ್ನೂ ಬದಲಿಸಿದ. ಅವನು ಇದ್ದಷ್ಟು ಹೊತ್ತು ಓಡುವ ಕಾರು, ಬೆಳಗಾದರೆ ಮೊಂಡು ಬೀಳುತ್ತಿತ್ತು. ಅವನಿಗೆ ತಲೆ ಕೆಟ್ಟುಹೋಯಿತು. ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಿನಿಂದಲೇ ವೈರಿಂಗ್ ಎಳೆಯುತ್ತಿದ್ದ. "ಮುದ್ದೆ ಆರ್ಹೋಗ್ತದೆ, ಆ ಕಾರ್ನೂ ಅದರ ಮನೇನೂ ಸುಡು ಅತ್ಲಾಗೆ," ಎಂದು ಹೆಂಡತಿ ರೋಜಾ ರೇಗಿದಳು.

ರುದ್ರೇಶನ ನಗುವೂ ನಿಂತಿತು. ಟೀ ಅಂಗಡಿಗಳಲ್ಲಿ ಕೂತು, "ಅವನ ಕೈಗೆ ಕೊಟ್ಟು ಕೆಟ್ಟೆ" ಎಂದು ಹೇಳತೊಡಗಿದ. ಟೆಂಪೋ ವೈರಿಂಗಿಗೆ ಬಿಡುತ್ತೇನೆಂದಿದ್ದ ಬಸವೇಶ, "ನೋಡಾನ ತಡಿ" ಎಂದು ಜಾರಿಕೊಂಡ. ಕೊನೆಗೆ ರುದ್ರೇಶ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟ, "ಇವತ್ತೊಂದಿನ ನೋಡ್ತೀನಿ. ನಾಳೆ ಮೈಸೂರಿಂದ ಬೇರೆಯೋರ್ನ ಕರ್ಸಿ, ನೀನು ಎಳ್ದಿರೋ ವೈರೆಲ್ಲ ಕಿತ್ತಾಕ್ಸ್ತೀನಿ."

ಅಂದು ತಾಂಡವಪುರಕ್ಕೆ ಹೋಗಿ ಬಾನೆಟ್ ಎತ್ತಿ ಚೀಲಕ್ಕೆ ಕೈ ಹಾಕಿದರೆ ಒರೆಸುವ ಬಟ್ಟೆಯೇ ಇಲ್ಲ. ರೋಜಾ ಅದನ್ನೂ ಒಗೆಯಲು ಹಾಕಿದ್ದಳು. ಅವಳಿಗೆ ಮನಸ್ಸಿನಲ್ಲೇ ನಾಲ್ಕು ಮಾತು ಅಂದುಕೊಂಡು, ಬರಿಗೈಯಲ್ಲಿ ಬಗ್ಗಿ ನೋಡಿದ. ಕಾಯಿಲ್ಲಿನ ತಲೆಯ ಮೇಲೆ ಮೂರು ಬಿಳಿ ಗೆರೆ. ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೇಲೂ ಗೆರೆ, ಪ್ಲಗ್ಗಿನ ವೈರುಗಳ ಬುಡದಲ್ಲೂ ಬಿಳಿ ಮೆತ್ತಿತ್ತು. ಬೆರಳಿಟ್ಟ. ರಾತ್ರಿಯೆಲ್ಲ ಅಂಗಳದಲ್ಲಿ ನಿಂತು ಇಬ್ಬನಿಗೆ ಒದ್ದೆಯಾದ ವಿಭೂತಿ. ಪ್ಲಗ್ಗಿಗೆ ಹೋಗಬೇಕಾದ ಕರೆಂಟು ಆ ಒದ್ದೆಯ ಮೇಲೆ ಹರಿದು ಪೋಲಾಗುತ್ತಿತ್ತು. ಇಷ್ಟು ದಿನ ಅದನ್ನು ರಸ್ತೆಯ ಧೂಳೆಂದುಕೊಂಡು, ಬಾಯಿ ಮಾಡುತ್ತ, ತಾನೇ ಒರೆಸಿ ಒರೆಸಿ ಹಾಕಿದ್ದ. ತನ್ನ ದಡ್ಡತನಕ್ಕೆ ಹಣೆ ಚಚ್ಚಿಕೊಳ್ಳಬೇಕೆನ್ನಿಸಿತು.

ಪೂಜೆಯಿರಬೇಕು ಎಂದುಕೊಂಡು ಸುತ್ತ ನೋಡಿದ. ಸ್ಟೀರಿಂಗಿಗಿಲ್ಲ, ಚಕ್ರಕ್ಕಿಲ್ಲ, ರೇಡಿಯೇಟರಿಗಿಲ್ಲ. ಅವನು ಕೈಯಿಟ್ಟ ಜಾಗಗಳಿಗೆ ಮಾತ್ರ ಇತ್ತು.

"ಅಮ್ಮಾವ್ರೆ, ಇದೇನಿದು?"

ಗುರುಬಸಮ್ಮ ಜಗಲಿಯಿಂದಲೇ ಹೇಳಿದರು. ಅವರ ದನಿಯಲ್ಲಿ ಅಳುಕೇನೂ ಇರಲಿಲ್ಲ. "ನೀನು ಹೋದ್ಮೇಲೆ ದಿನಾ ಹಚ್ತೀನಪ್ಪ. ಯಜಮಾನ್ರು ಪೂಜೆ ಮಾಡಿ ಓಡುಸ್ತಿದ್ದ ಕಾರು. ನಿಮ್ಮೋರ ಕೈ ಬಿದ್ದಿರ್ತದಲ್ಲ, ಶುದ್ಧ ಆಗ್ಬೇಕಲ್ವಾ."

ಪ್ರೇಮ್‌ಕುಮಾರ್ ಬಾನೆಟ್ಟಿನಿಂದ ಕೈ ತೆಗೆದು ಹಿಂದೆ ಸರಿದ. ರುದ್ರೇಶ ತಲೆ ಬಗ್ಗಿಸಿ, "ವಯಸ್ಸಾದೋರು, ಬುಡು ಪ್ರೇಮ. ಒರೆಸಿ ಸ್ಟಾರ್ಟ್ ಮಾಡು," ಎಂದ.

"ನಾ ಒರ್ಸಲ್ಲ ಸಾ. ಹಚ್ಚಿದೋರೇ ಒರೆಸ್ಲಿ."

ಯಾರೂ ಅಲ್ಲಾಡಲಿಲ್ಲ. ಪ್ರೇಮ್‌ಕುಮಾರನೂ ಅಲ್ಲಾಡಲಿಲ್ಲ. ಕೊನೆಗೆ ಗುರುಬಸಮ್ಮ ಗೊಣಗುತ್ತ ಇಳಿದು ಬಂದು ಸೆರಗಿನ ತುದಿಯಿಂದ ಒಂದೊಂದನ್ನೇ ಒರೆಸಿದರು. ರುದ್ರೇಶ ಕೀ ತಿರುಗಿಸಿದ. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಆ ಸದ್ದು ಕೇಳಿ ಪ್ರೇಮ್‌ಕುಮಾರನಿಗೆ ಮೊದಲ ಸಲ ಸಂತೋಷವಾಗಲಿಲ್ಲ.

"ಈಗ ಊರೋರ್ಗೆ ಏನೇಳ್ತೀರಿ ಸಾ?"

"ತೇವ ಸೇರ್ಕಂಡಿತ್ತು ಅಂತೀನಿ. ನೀನೂ ಅಷ್ಟೇ ಹೇಳು. ಮನೆ ಮಾತು, ಹೊರಗೆ ಬ್ಯಾಡ."

ಎರಡು ದಿನ ಕಳೆದು ಬಸವೇಶ ಟೆಂಪೋ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ರುದ್ರೇಶನ ದೂರದ ನೆಂಟ, ಮಾತಿಗೆ ಒಳ್ಳೆಯವನು. "ತೇವ ಸೇರ್ಕಂಡಿತ್ತಂತಲ್ಲೋ ಪ್ರೇಮ. ಅದನ್ನ ಹುಡ್ಕಕ್ಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?"

ಹೂಂ ಅಂದುಬಿಟ್ಟರೆ ಟೆಂಪೋದ ಕೆಲಸ ಕೈಯಲ್ಲಿತ್ತು. ಪ್ರೇಮ್‌ಕುಮಾರ್ ಹಿಡಿದಿದ್ದ ಸ್ಪ್ಯಾನರನ್ನು ನೆಲಕ್ಕೆ ಎಸೆದ.

"ತೇವ ಅಲ್ಲ ಕಣಣ್ಣ. ನಾನು ಮುಟ್ಟಿದ್ ಕಡೆಗೆಲ್ಲ ಅವರವ್ವ ವಿಭೂತಿ ಬಳೀತಿದ್ರು. ನನ್ ಮೈಲಿಗೆ ಕಳಿಯಕ್ಕೆ."

ಬಸವೇಶನ ಮುಖ ಪೆಚ್ಚಾಯಿತು. ರಸ್ತೆಯ ಆಚೆ ಈಚೆ ನೋಡಿ, ದನಿ ತಗ್ಗಿಸಿ, "ಇವನ್ನೆಲ್ಲ ಹಿಂಗೆ ಹೇಳ್ಕಬಾರ್ದು ಕಣಪ್ಪ," ಎಂದ.

"ಮಾಡಿದೋರ್ಗೆ ಒಬ್ರೂ ಮಾಡ್ಬೇಡಿ ಅಂತ ಅನ್ನಲಿಲ್ಲ," ಎಂದ ಪ್ರೇಮ್‌ಕುಮಾರ್. "ಹೇಳ್ಬೇಡ ಅಂತ ನನಗೆ ಎಷ್ಟು ಜನ ಹೇಳ್ತೀರಣ್ಣ?"